ಸೀಸದ ಮೇಲಿನ ಮುದ್ರೆ

ನನ್ನ ತಮ್ಮ ಜೀವರತ್ನಗ ಪಾಸ್ಟರ್ ಆಗಬೇಕಂತ.
ಚಳಿಗಾಲದಾಗೂ ಸುಡೋ ಮಧ್ಯಾಹ್ನ, ರಾಯಚೂರ ಗಂಜಿನಾಗ
ನನ್ನ ತೂಕದ ಲೆಕ್ಕದ ಪುಸ್ತಕದ ಮ್ಯಾಲೆ
ಒಂದು ಹೊಳೆಯೋ ಕಾಗದ ಇಟ್ಟ.
ಮ್ಯಾಲೆ ಪಾರಿವಾಳ, ಕೆಳಗ ದೊಡ್ಡ ಕಟ್ಟಡ,
ಕಟ್ಟಡದ ಮೆಟ್ಟಿಲ ತುಂಬ ಹಿಮ.
ಹಿಮ! ಕಾಲೇಜು ಇರೋದು ಲಿಂಗಸುಗೂರು ರಸ್ತೆಯಾಗ.

ವರ್ಷಕ್ಕೊಂದು ಪದವಿ. ಇನ್ನೊಂದು ವರ್ಷ ಕುಂತರ ಡಾಕ್ಟರು.
ಫೀಸು ಕಂತಿನಾಗ ಕಟ್ಟಬಹುದು.
“ಮಾನ್ಯತೆ ಯಾರು ಕೊಟ್ಟಾರೋ?” ಅಂದೆ.
“ದೇವರೇ ಕೊಟ್ಟಾನಂತ. ಪ್ರಿನ್ಸಿಪಾಲರು ಹೇಳಿದ್ರಕ್ಕ.”

ಅಡತ್ ಅಂಗಡಿಯಾಗ ಹದಿನಾರು ವರ್ಷ ಹತ್ತಿ ತೂಗಿಸೀನಿ.
ಈಗ ಎಲೆಕ್ಟ್ರಾನಿಕ್ ಕಾಟಾ ಬಂದದ,
ಕಾಟಾ ಸುಳ್ಳಾಡಿದ್ರ ಹಿಡಿಯಾಕ ಮತ್ತ ಕಲ್ಲೇ ಬೇಕು.
ಮಾಪನ ಇಲಾಖೆಯವರು ಬಂದಾಗ
ಇಪ್ಪತ್ತು ಕಿಲೋದ ಕಬ್ಬಿಣದ ಕಲ್ಲು ಮಗ್ಗುಲಾಗಿ ಮಲಗಿಸಿ
ಅದರ ಹೊಟ್ಟಿ ಕುಣಿಯಾಗಿನ ಸೀಸಕ್ಕ
ಒಂದೇ ಏಟು.
ಆ ಮುದ್ರೆಯಿಂದ ಕಲ್ಲು ಒಂದು ಗುಂಜಿ ಹೆಚ್ಚಾಗಂಗಿಲ್ಲ.
ತಕ್ಕಡಿಗೆ ಅದರ ಸುದ್ದಿನೇ ಗೊತ್ತಿಲ್ಲ.
ಮುದ್ರೆ ಇರೋದು
ಮಾನ್ವಿಯಿಂದ ರಾತ್ರಿಯೆಲ್ಲ ಟ್ರ್ಯಾಕ್ಟರಿನಾಗ ಕುಂತು ಬಂದಾಕಿಗೆ.
ನನ್ನ ಮಾರಿ ಆಕಿ ಹಿಂದ ಕಂಡಿಲ್ಲ, ಮನಸ್ಸಂತೂ ಕಾಣಂಗಿಲ್ಲ;
ನಂಬಾಕ ಆಕಿಗೆ ಏನಾರ ಒಂದು ಬೇಕಲ್ಲ.

“ನತಾನಿಯೇಲಣ್ಣನ ಕೇಳು” ಅಂದೆ.
ಟೈರ್ ಅಂಗಡಿ ಮ್ಯಾಲಿನ ಎರಡು ಕೋಣಿ, ನಾಕು ವರ್ಷ,
ಅವರವ್ವನ ಬೋರಮಾಳ ಮಾರಿದ ರೊಕ್ಕ.
ಗ್ರೀಕಿನ ಅಕ್ಷರ ಇಪ್ಪತ್ತನಾಕೂ ಕಲಿಸಿ
ಗ್ರೀಕ್ ಮೇಷ್ಟ್ರು ಬಿಟ್ಟು ಹೋದ್ರು, ತಿರುಗಿ ಬರಲಿಲ್ಲ.
ಸಭೆಯ ಹಿರಿಯರ ಮುಂದ ಸರ್ಟಿಫಿಕೇಟ್ ಬಿಚ್ಚಿದಾಗ
ಬಂಗಾರದ ಅಂಚು, ಕೆಂಪು ರಿಬ್ಬನ್ನು, ಎಲ್ಲ ಇತ್ತು.
ಒಬ್ಬರು ಕನ್ನಡಕ ತೆಗೆದು, ಒರೆಸಿ, ಮತ್ತ ಹಾಕ್ಕೊಂಡು
“ಇದು ಲೆಕ್ಕಕ್ಕ ಬರಂಗಿಲ್ಲಪ್ಪ, ಮೊದಲನೇ ವರ್ಷದಿಂದ ಶುರು ಮಾಡು” ಅಂದ್ರಂತ.
ಅವಾಗ ಅವನಿಗೆ ಮೂವತ್ತೊಂದು.
ಈಗ ಶಕ್ತಿನಗರದಾಗ ಬೂದಿ ಲಾರಿಗಳ ಚೀಟಿ ಹರೀತಾನ.

ಜೀವರತ್ನ ಹತ್ತಿ ಎಳಿ ಒಂದು ಬೆರಳಿಗೆ ಸುತ್ತಿಕೊಂತ ನಿಂತ.
“ಅವ್ವ ಹೋದ ರಾತ್ರಿ ದವಾಖಾನಿಗೆ ಯಾರು ಬಂದ್ರಕ್ಕ?
ಮುದ್ರಿ ಇದ್ದ ಅಯ್ಯಗಾರು ಫೋನ್ ಎತ್ತಲಿಲ್ಲ.
ನತಾನಿಯೇಲಣ್ಣ ಬೂದಿ ಅಂಗಿಯಾಗೇ ಓಡಿ ಬಂದ,
ಅವ್ವನ ಕೈ ಹಿಡಿದು ಅವತ್ತು ಮಾಡಿದ ಪ್ರಾರ್ಥನೆ...”
ಮುಂದ ಹೇಳಲಿಲ್ಲ.
ನಾನೂ ಅಲ್ಲೇ ಇದ್ದೆ.

ಖರೇ ಅದ.
ಮುದ್ರಿ ಇಲ್ಲದ ಕಲ್ಲೂ ಒಮ್ಮೊಮ್ಮೆ ಸರಿ ತೂಗ್ತದ.
ಮುದ್ರಿ ಬಿದ್ದದ್ದೂ ತುಕ್ಕು ಹಿಡಿದು ಸವೀತದ,
ಅದಕ್ಕೇ ಅವರು ಎರಡು ವರ್ಷಕ್ಕೊಮ್ಮೆ ಬರೋದು.
ಇದನ್ನ ಅವನಿಗೆ ಹೇಳಬೇಕೋ ಬ್ಯಾಡೋ ಅಂತ
ಒಂದು ಗಾಡಿ ಇಳಿಸೋತನಕ ಯೋಚಿಸಿದೆ.

ಆಮ್ಯಾಲೆ ಹೇಳಿದೆ:
ನತಾನಿಯೇಲಣ್ಣ ನಮ್ಮ ಓಣಿಯಾಗ ಬೆಳೆದಾಂವ,
ಅವನ ತೂಕ ನಮಗ ಮೊದಲೇ ಗೊತ್ತಿತ್ತು.
ನಿನ್ನ ಕಳಸೋದು ಗುರುತಿಲ್ಲದ ಊರಿಗೆ.
ಅಲ್ಲಿ ಯಾರೋ ಒಬ್ಬಾಕಿ, ಕದ ಅರ್ಧ ಮುಚ್ಚಿ,
ಗಂಡಗೂ ಹೇಳದ ಮಾತೊಂದು ನಿನ್ನ ಮುಂದ ಇಡ್ತಾಳ.
ನೀ ಹತ್ತಿ ತೂಗಂಗಿಲ್ಲೋ ತಮ್ಮ.

ಅವ ಕಾಗದ ಎತ್ತಿ ತಿರುವಿ ನೋಡಿದ.
ಹಿಂದ ಖಾಲಿ. ಮೂಲಿಯಾಗ ಸಣ್ಣಗ ಪ್ರೆಸ್ಸಿನ ಹೆಸರು, ಅಷ್ಟೇ.
ಹೊರಗ ಹಮಾಲರು ಕೂಗಿದ್ರು, ನಾ ಎದ್ದೆ.

ತಿರುಗಿ ಬಂದಾಗ ನನ್ನ ಪೆನ್ನು ತಗೊಂಡು
ಅಂಡಿಗಿ ಮ್ಯಾಲೆ ಕುಂತು ಆ ಖಾಲಿ ಬೆನ್ನ ಮ್ಯಾಲೆ ಬರೀತಿದ್ದ,
ಫೋನಿನಾಗ ಕೇಳಾಕ:
ನಿಮ್ಮನ್ನ ಪರೀಕ್ಷಿಸಿದವರು ಯಾರು?
ಕಡೀಗೆ ಯಾವಾಗ ಬಂದಿದ್ರು?
ಗ್ರೀಕ್ ಮೇಷ್ಟ್ರು
ಇನ್ನೂ ಅದಾರೇನು?