ಅರ್ಥದ ಜಾಗ ಖಾಲಿ

ನನ್ನ ಕಸುಬು ಅರ್ಥ ಬರೆಯುವುದು.
ಆಡುವವರು ಬೆರಳೆಣಿಕೆಗೂ ಸಾಲದ
ಒಂದು ಕಡಲತಡಿಯ ನುಡಿಗೆ
ರೀಗಾದ ಮೂರನೆಯ ಮಹಡಿಯಲ್ಲಿ ಕೂತು
ನಿಘಂಟು ಕಟ್ಟುತ್ತೇನೆ, ಚೀಟಿಯ ಮೇಲೆ ಚೀಟಿ.
ಬಲೆ, ಬಲೆಯ ಕಣ್ಣು, ಕಣ್ಣು ಹರಿದ ಬಲೆ,
ಒಂದೊಂದಕ್ಕೂ ಒಂದೊಂದು ಪದ,
ಪದಕ್ಕೊಂದು ಸಾಲು.

ಅಪ್ಪ ಹಡಗುಕಟ್ಟೆಯ ಲೆಕ್ಕ ಬರೆದವನು, ನಲವತ್ತು ವರ್ಷ.
ಆಸ್ಪತ್ರೆಯ ಕೊನೆಯ ವಾರ, ಕಿಟಕಿಯಲ್ಲಿ ಹಿಮ,
"ವೆಲ್ಗಾ, ಇದಕ್ಕೆಲ್ಲ ಏನರ್ಥ?" ಅಂದ.
ಕೇಳಿದ್ದು ಮಗಳನ್ನೋ, ನಿಘಂಟಿನವಳನ್ನೋ ತಿಳಿಯಲಿಲ್ಲ.
ನಾನು ಕಿತ್ತಳೆ ಸುಲಿದೆ.
ಬಿಳಿ ನಾರನ್ನೂ ಬಿಡಿಸಿದೆ, ಒಂದೊಂದೇ.
ಅಷ್ಟು ಹೊತ್ತು ಹಿಡಿಯುವ ಕೆಲಸವಲ್ಲ ಅದು.

ಮುಂದಿನ ಬೇಸಿಗೆ ಆ ಚೀಟಿ ಸಿಕ್ಕಿತು,
ನೂರು ವರ್ಷದ ಹಿಂದೆ ಯಾರೋ ಪಾದ್ರಿ ಬರೆದದ್ದು.
ಪದ ಇದೆ, ಉಚ್ಚಾರ ಇದೆ, ಹೇಳಿದವಳ ಊರಿದೆ,
ಅರ್ಥದ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ 'ಬದುಕು',
ಅದರ ಬೆನ್ನಿಗೇ ಒಂದು ಪ್ರಶ್ನಾರ್ಥಕ.
ಆ ಪದ ಇಲ್ಲಿ ಬರೆಯಲಾರೆ,
ಬರೆದರೆ ನೀವು ಅರ್ಥ ಕೇಳುತ್ತೀರಿ.

ಬಸ್ಸು ಮೂರು ತಾಸು. ಪೈನ್ ಕಾಡು, ಮರಳು, ಮತ್ತೆ ಪೈನ್ ಕಾಡು.
ಹೆರ್ತಾಗೆ ತೊಂಬತ್ತೊಂದು. ಕೇಳುವ ಕಿವಿ ಒಂದೇ, ಅದೂ ಬೇಕೆಂದಾಗ.
ಸೋಮವಾರ ಅಂದಳು, "ದೋಣಿಯ ಹಿಂದೆ
ಮುಚ್ಚಿಕೊಳ್ಳುತ್ತದಲ್ಲ ನೀರು, ಅದು."
ಬರೆದುಕೊಂಡೆ.
ಮಂಗಳವಾರ, "ಹೊಗೆ ಕುಡಿದ ಮೀನು
ಬಂಗಾರಕ್ಕೆ ತಿರುಗುವ ಹೊತ್ತು."
ಹೊಡೆದುಹಾಕಿ ಬರೆದುಕೊಂಡೆ.
ಬುಧವಾರ ಸಿಟ್ಟು. "ಅಂಥ ಪದವೇ ಇಲ್ಲ.
ನಮ್ಮಜ್ಜಿ ಸುಳ್ಳು ಹೇಳಿರಬೇಕು,
ಪಾದ್ರಿ ಪದಕ್ಕೊಂದು ಹರಳು ಸಕ್ಕರೆ ಕೊಡುತ್ತಿದ್ದನಂತೆ."
ನಗು ಬಂತು, ಊರಿಗೆ ಮರಳುವ ಬಸ್ಸಿನಲ್ಲಿ ಬರಲಿಲ್ಲ.
ಹೀಗೇ ಎರಡು ಬೇಸಿಗೆ.

ಮೂರನೆಯ ವರ್ಷ ಚೀಲದಿಂದ ಚೀಟಿ ತೆಗೆಯಲೇ ಇಲ್ಲ.
ಅವಳ ಮೊಣಕಾಲು ಕೈಕೊಟ್ಟಿತ್ತು, ನನ್ನದು ಕೊಡುವುದರಲ್ಲಿತ್ತು.
ಆಲ್ಡರ್ ಸೌದೆ ಒಡೆದೆ, ಸೊಟ್ಟಸೊಟ್ಟಗೆ.
ಮೀನಿನ ಕಿವಿರಿಗೆ ಕಡ್ಡಿ ಪೋಣಿಸಿದೆ.
"ತಪ್ಪು. ಕಣ್ಣಿಗೆ ಪೋಣಿಸು."
ಪೋಣಿಸಿದೆ.
ಹೊಗೆಮನೆ ಅಂದರೆ ನೆಟ್ಟಗೆ ನಿಲ್ಲಿಸಿದ ಅರ್ಧ ದೋಣಿ.
ಸೋವಿಯತ್ತಿನ ಕಾಲದಲ್ಲಿ ಕಡಲಿಗಿಳಿಯಕೂಡದೆಂದಾಗ
ಗಂಡ ತಾನೇ ಗರಗಸ ಹಿಡಿದು ಎರಡು ಮಾಡಿದ್ದು.
"ಇನ್ನರ್ಧ?" ಅಂದೆ.
"ಕೋಳಿಗೆ."

ರಾತ್ರಿ ಹತ್ತಾದರೂ ಬೆಳಕು ಹೋಗಿರಲಿಲ್ಲ.
ಬೆಂಚು ಗಿಡ್ಡ. ಹೊಗೆ ನನ್ನ ಕಡೆಗೇ.
ಹೆರ್ತಾ ಒಂಚೂರು ಸರಿದಳು, ಪಕ್ಕದ ಹಲಗೆ ತಟ್ಟಿದಳು,
ತಟ್ಟುತ್ತ, ಮೀನಿನ ಕಡೆ ನೋಡುತ್ತಲೇ,
ಆ ಪದ ಅಂದಳು.

ಅಂದದ್ದು ಅವಳಿಗೇ ಗೊತ್ತಿರಲಿಲ್ಲ.
ನಾನು ಕೂತೆ.
ಜೇಬಿನಲ್ಲಿ ಪೆನ್ಸಿಲ್ಲಿತ್ತು. ಇರಲಿ ಎಂದುಕೊಂಡೆ.

ರೀಗಾಕ್ಕೆ ಬಂದು ಬರೆದೆ:
ಬೆಂಚಿನ ಮೇಲೆ ಇನ್ನೊಬ್ಬರಿಗೆ ಜಾಗ ಬಿಡುವಾಗ.
ಹೊಗೆ ಇರುವಾಗ. ಮೀನು ಇನ್ನೂ ಬೆಂದಿರದಾಗ.
ಸಂಪಾದಕ ಕನ್ನಡಕ ಹಣೆಗೇರಿಸಿದ.
"ಇದು ಅರ್ಥವಲ್ಲವಲ್ಲ, ವೆಲ್ಗಾ. ಇದು ಬಳಕೆ."
"ಸಿಕ್ಕಿದ್ದು ಇಷ್ಟೇ" ಅಂದೆ.
ಅವನು ಪ್ರಶ್ನಾರ್ಥಕ ಉಳಿಸಿಕೊಂಡ,
ನಾನು ತಕರಾರು ಮಾಡಲಿಲ್ಲ.

ಆವತ್ತು ಅಪ್ಪ ಕಿತ್ತಳೆಯ ತೊಳೆ ಎಣಿಸಿ
ಅರ್ಧ ನನ್ನ ಕಡೆ ತಳ್ಳಿದ್ದ.
ಹನ್ನೊಂದಿದ್ದವು. ಒಂದು ಮಿಕ್ಕಿದ್ದಕ್ಕೆ
ಲೆಕ್ಕದ ಮನುಷ್ಯ ರೇಗಿದ್ದ.
ಇದು ಈಗ ನೆನಪಾಗುತ್ತದೆ, ಬೇರೇನೋ ಹುಡುಕುವಾಗ.

ಮೊನ್ನೆ ಟ್ರಾಮಿನಲ್ಲಿ ಒಬ್ಬ ಹುಡುಗ
ಚೀಲ ತೊಡೆಗೆಳೆದುಕೊಂಡು ಜಾಗ ಬಿಟ್ಟ.
ಪದ ಬಾಯಿಗೆ ಬಂತು, ಉಚ್ಚಾರ ಕೆಟ್ಟಿತು.
ಕಿವಿಯ ತಂತಿ ಕಿತ್ತು "ಏನಂದಿರಿ?" ಅಂದ.
"ಏನಿಲ್ಲ" ಅಂದೆ.
ನನ್ನ ಕೋಟು ಇನ್ನೂ ಹೊಗೆ ನಾರುತ್ತಿತ್ತು.
ಅವನು ಇನ್ನೂ ಒಂಚೂರು ಸರಿದ.