ಎರಡು ಕೋಣೆ, ಒಂದು ಕೆಮ್ಮು

ಜೀಲಾಂಗ್, ಮಾಲಪ್ ಬೀದಿ, ಎರಡನೆಯ ಮಹಡಿ.
ಅವನಿಗೊಂದು ಕೋಣೆ, ನನಗೊಂದು.
ನಡುವೆ ಗೋಡೆ. ಆಚೆ ಕಾರಿಡಾರು,
ಕಾರಿಡಾರಿನಲ್ಲಿ ಗ್ಲೆನಿಸ್ ಎಂಬ ಹೆಂಗಸು,
ಬಿಳಿಗೂದಲು, ಸಪಾಟು ಚಪ್ಪಲಿ,
ಕೈಯಲ್ಲಿ ಹಳದಿ ಕಾಗದದ ಪ್ಯಾಡು.
ನನ್ನ ಮಾತು ಅತ್ತ ಒಯ್ಯುತ್ತಾಳೆ,
ಅವನ ಮಾತು ಇತ್ತ ತರುತ್ತಾಳೆ,
ದಾರಿಯಲ್ಲಿ ಕಲ್ಲು ಆರಿಸಿ ಬಿಸಾಡುತ್ತಾಳೋ ಏನೋ,
ಬರುವಾಗ ಎಲ್ಲವೂ ತೊಳೆದಿಟ್ಟ ಬೇಳೆಯ ಹಾಗೆ:
"ಬುಧವಾರ ಆಗುವುದಿಲ್ಲವಂತೆ. ಗುರುವಾರ ಆದೀತೆ?"

ಇಲ್ಲಿಗೆ ನೇರ ಬಂದವರಲ್ಲ ನಾವು.
ಮೊದಲು ಬಾಗಲಕೋಟೆಯಿಂದ ಫೋನಿನಲ್ಲಿ ಪಂಚಾಯ್ತಿ:
ಎಂಟು ಚೌಕದಲ್ಲಿ ಎಂಟು ಮುಖ,
ಒಬ್ಬ ಕಾಕಾ ಮ್ಯೂಟ್‌ನಲ್ಲೇ ಅರ್ಧ ತಾಸು ಬುದ್ಧಿ ಹೇಳಿದ.
"ಹೊಂದ್ಕೊಂಡ್ ಹೋಗವ್ವಾ" ಅಂದಳು ಅತ್ತೆ,
ಎಲ್ಲಿಗೆ ಅಂತ ಮಾತ್ರ ಹೇಳಲಿಲ್ಲ.
ಆಮೇಲೆ ವಕೀಲ. ಆರು ನಿಮಿಷಕ್ಕೊಂದು ಬಿಲ್ಲು.
ನಾನು ಅತ್ತದ್ದು ಹನ್ನೊಂದು ನಿಮಿಷ,
ಎರಡೆಂದು ಲೆಕ್ಕ ಹಾಕಿದ.
ಕೋರ್ಟಿಗೆ ಹೋದರೆ ಒಂದೂವರೆ ವರ್ಷ, ಎಂದ.
ಗೆಲ್ಲಬಹುದು, ಎಂದ.
ಏನನ್ನು, ಎಂದು ಕೇಳುವುದರೊಳಗೆ
ಇನ್ನೊಂದು ಆರು ನಿಮಿಷ ಶುರುವಾಗಿತ್ತು.

ಅಷ್ಟರಲ್ಲಿ ಒಂದೇ ಸೂರಿನಡಿ ಹತ್ತು ತಿಂಗಳು
ಬೇರೆಯಾಗಿದ್ದೆವು. ಕಾನೂನು ಅದನ್ನೂ ಒಪ್ಪುತ್ತದೆ.
ಫ್ರಿಜ್ಜಿನ ಮೇಲಿನ ಅರೆ ನನ್ನದು, ಕೆಳಗಿನದು ಅವನದು,
ನಡುವಿನ ಅರೆಯಲ್ಲಿ ನೀಲಾಳ ಮೊಸರು.
ಉಪ್ಪಿನ ಡಬ್ಬಿ ಯಾರದೆಂದು ತೀರ್ಮಾನವಾಗದೆ
ಎರಡು ದಿನ ಸಪ್ಪೆ ಉಂಡೆವು.

ಈಗ ಹಳದಿ ಪ್ಯಾಡಿನ ಮೇಲೆ ಒಂದೊಂದೇ ಬೀಳುತ್ತಿವೆ:
ಮನೆಯ ಸಾಲ. ಅವನ ಪಿಂಚಣಿ ದುಡ್ಡು. ನನ್ನ ಬಂಗಾರ,
ಅದರಲ್ಲಿ ಅವ್ವ ಹಾಕಿದ್ದೆಷ್ಟು, ನಿಮ್ಮವರು ಹಾಕಿದ್ದೆಷ್ಟು,
ತೂಕದ ಚೀಟಿ ಎಲ್ಲಿದೆ, ಮಹಾಂತೇಶ?
ಹೊಲಿಗೆ ಮಷೀನು ತನಗೆ ಬೇಕಂತೆ.
ಸೂಜಿಗೆ ದಾರ ಪೋಣಿಸಲು ಬಾರದವನಿಗೆ!
"ಬಾರದು ಎಂದು ಬರೆದುಕೊಳ್ಳಲೇ?" ಗ್ಲೆನಿಸ್ ಕೇಳಿದಳು.
ಬೇಡ, ಎಂದೆ.
ಬರೆದಳು: ಮಷೀನು, ಮುಂದೆ ನೋಡೋಣ.

ಆಗ ಗೋಡೆಯಾಚೆ ಕೆಮ್ಮು.
ಒಣ ಕೆಮ್ಮು. ಎರಡು ಚಿಕ್ಕದು, ಒಂದು ಉದ್ದ,
ಕೊನೆಗೆ ಗಂಟಲು ಕೆರೆಯುವ ಸದ್ದು.
ಹದಿಮೂರು ವರ್ಷ, ಜೂನ್ ಚಳಿ ಬಂತೆಂದರೆ
ನನ್ನ ನಿದ್ದೆಯ ಮೇಲೆ ನಡೆದಾಡಿದ ಕೆಮ್ಮು.
ಕೈ ತಾನಾಗಿ ಚೀಲಕ್ಕೆ ಹೋಯಿತು.
ತಳದಲ್ಲಿ, ಬಸ್ ಕಾರ್ಡಿನ ಕೆಳಗೆ,
ಜ್ಯೇಷ್ಠಮಧುವಿನ ಕಡ್ಡಿ. ಇನ್ನೂ ಇದೆ.
ಗ್ಲೆನಿಸ್ ಬಾಗಿಲಲ್ಲಿ ನಿಂತಿದ್ದಳು:
"ಇನ್ನೇನಾದರೂ ಒಯ್ಯಲೇ?"
ಕೋಪ ನೆನಪಿಸಿಕೊಂಡೆ, ಹುಡುಕಿ ಹುಡುಕಿ:
ಹೆರಿಗೆಯಾದ ಮೂರನೇ ದಿನ ಆಡಿದ ಮಾತು,
ನನಗೆ ತಿಳಿಸದೆ ಖಾಲಿಯಾದ ಖಾತೆ.
ಅವೂ ಇವೆ. ಕಡ್ಡಿಯ ಪಕ್ಕದಲ್ಲೇ ಇವೆ.
ಏನಿಲ್ಲ, ಎಂದೆ.

ಸಂಜೆಗೆ ಹದಿನಾಲ್ಕು ಕಲಮು,
ಮಷೀನೊಂದು ಬಿಟ್ಟು ಎಲ್ಲಕ್ಕೂ ಸಹಿ.
ಒಂಬತ್ತನೆಯದು: ಮಗುವಿನ ಕೈಯಲ್ಲಿ
ಒಬ್ಬರಿಗೊಬ್ಬರು ಸುದ್ದಿ ಕಳಿಸತಕ್ಕದ್ದಲ್ಲ.
ಹನ್ನೊಂದನೆಯದು: ಭಾನುವಾರ ಐದು ಗಂಟೆ,
ಮೆರಿಡಿತ್ ಊರಿನ ಪೆಟ್ರೋಲ್ ಬಂಕು,
ಅವನ ಬ್ಯಾಲರಾಟಿಗೂ ನನ್ನ ಜೀಲಾಂಗಿಗೂ ನಡುವೆ.

ಮೊದಲ ಭಾನುವಾರ.
ಗಾಳಿ ಹಾಕುವ ಪಂಪಿನ ಪಕ್ಕ ಅವನ ಕಾರು,
ಐಸ್ ಮಾರುವ ಪೆಟ್ಟಿಗೆಯ ಪಕ್ಕ ನನ್ನದು.
ನಡುವೆ ಇಪ್ಪತ್ತು ಹೆಜ್ಜೆ. ನೀಲಾ ಒಬ್ಬಳೇ ನಡೆದು ಬಂದಳು,
ಬೆನ್ನಿಗೆ ಚೀಲ, ಕೈಯಲ್ಲಿ ಶಾಲೆಯ ಟೊಪ್ಪಿಗೆ,
ಹಿಂದೆ ನೋಡಲೋ ಮುಂದೆ ನೋಡಲೋ ತಿಳಿಯದೆ
ನೆಲ ನೋಡುತ್ತ.
ಅಪ್ಪ ಹೇಗಿದ್ದಾನೆ?
ಕೇಳಲಿಲ್ಲ. ಒಂಬತ್ತನೆಯ ಕಲಮು.
ಅವಳೂ ಹೇಳಲಿಲ್ಲ.

ಲೆತ್‌ಬ್ರಿಜ್ ದಾಟಿದ್ದೆವು. ಹಿಂದಿನ ಸೀಟಿನಲ್ಲಿ
ಎರಡು ಚಿಕ್ಕದು, ಒಂದು ಉದ್ದ.
ಕಾರು ಪಕ್ಕಕ್ಕೆ ಹಾಕಿ
ಚೀಲದ ತಳ ತಡಕಿದೆ.
"ಇದೇನಮ್ಮಾ, ಕಟ್ಟಿಗೆ?"
ಜಗಿ, ಎಂದೆ. ನುಂಗಬೇಡ.
ರಸ ಮಾತ್ರ ಕುಡಿ.