ಮೂವತ್ತು ಮೈಕ್ರಾನ್

ನಾಳೆ ಹನ್ನೊಂದಕ್ಕೆ ಸಮಿತಿ ಬರುತ್ತದೆ.
ನಮೂನೆಯಲ್ಲಿ ಏಳನೆಯ ಕಲಂ ಇನ್ನೂ ಖಾಲಿ:
'ಈ ಕೋರ್ಸು ಮುಗಿಸಿದವರಿಗೆ ಬರುವ ಕೌಶಲ.'
ಗಂಗೋತ್ರಿಯಲ್ಲಿ ಸಂಜೆ. ಕುಕ್ಕರಹಳ್ಳಿ ಕೆರೆಯ ಹೆಜ್ಜಾರ್ಲೆಗಳು
ಕಿಟಕಿಯ ಮೇಲ್ತುದಿಯಲ್ಲಿ ಹಾದು ಹೋದವು,
ಯಾರ ಅನುಮೋದನೆಗೂ ಕಾಯದೆ.

ಹಳೆಯ ನಮೂನೆಯ ಇದೇ ಜಾಗದಲ್ಲಿ ನಾನೇ ಬರೆದಿದ್ದೆ:
ಕಲ್ಲು ಗುರುತಿಸುವುದು, ನಕ್ಷೆ ಓದುವುದು, ಸುತ್ತಿಗೆ ಹಿಡಿಯುವುದು.
ಈಗ ಸುತ್ತಿಗೆಗಳು ಬೀರುವಿನಲ್ಲಿ.
ಮೇಲಿನ ಮಹಡಿಗೆ ಒಂದು ಕುರ್ಚಿ ಬಂದಿದೆ,
ಮೂರು ಪರದೆ, ಎರಡು ಹಿಡಿಕೆ;
ಕೂತರೆ ನೆಲದಡಿ ನಾನೂರು ಮೀಟರಿನ ಸುರಂಗ,
ಅದಿರು ತುಂಬುವ ಯಂತ್ರ ನಮ್ಮ ಬೆರಳಿಗೆ ಬಾಗುತ್ತದೆ.
ಕೀಲಾರದ ಜವರೇಶ ಮೊದಲ ದಿನವೇ
ಗೋಡೆಗೆ ತಾಗಿಸದೆ ತಿರುವಿದ.
'ಕಬ್ಬಿನ್ ಟ್ರಾಲೀನ ಫ್ಯಾಕ್ಟ್ರಿ ಗೇಟಲ್ಲಿ ರಿವರ್ಸ್ ಹಾಕ್ದೋನ್ಗೆ
ಇದ್ಯಾವ ಮಹಾ ಮೇಡಂ.'
ಕಂಪನಿಯಿಂದ ಬಂದವರು ಅವನ ಹೆಸರು ಬರೆದುಕೊಂಡರು.

ಕುಸುಮಳ ಸರದಿ ಬಂದಾಗ
ಅವಳು ಹಿಡಿಕೆ ಮುಟ್ಟಲಿಲ್ಲ.
ಅವಳವ್ವ ತಿಮ್ಮಕ್ಕ ಪಾಂಡವಪುರದಾಚೆಯ ಕ್ವಾರಿಯಲ್ಲಿ
ಇಪ್ಪತ್ತು ವರ್ಷ ಜಲ್ಲಿ ಒಡೆದವಳು.
ಮಗಳು ಪರದೆಯೊಳಗಿನ ಸುರಂಗದ ಸೂರನ್ನೇ ನೋಡಿದಳು, ನೋಡಿದಳು.
'ಸರ್, ಮೇಲಿಂದ ಪುಡಿ ಉದುರಿದ್ರೆ ಇದ್ರಲ್ಲಿ ಕಾಣುತ್ತಾ?'
ಸೆನ್ಸರ್ ಇದೆಯಮ್ಮ. ಹಸಿರಿದ್ದರೆ ಹೋಗು, ಕೆಂಪಾದರೆ ನಿಲ್ಲು.
'ಅದ್ ಗೊತ್ತಾಯ್ತು ಸರ್. ಪುಡಿ?'
ಪುಡಿ ಇರಲಿಲ್ಲ.
ಅಷ್ಟು ಚೊಕ್ಕಟ ಸುರಂಗವನ್ನು
ಅರುಳಪ್ಪ ಜನ್ಮದಲ್ಲಿ ಕಂಡಿಲ್ಲವಂತೆ.

ಅರುಳಪ್ಪ ನಮ್ಮಲ್ಲಿ ಕಲ್ಲಿನ ಸ್ಲೈಡು ಮಾಡುವವರು.
ಕೋಲಾರದ ಚಿನ್ನದ ಗಣಿ ಮುಚ್ಚಿದ ಮರುವರ್ಷ
ಒಂದು ಟ್ರಂಕು, ಒಂದು ಕೆಮ್ಮು ತಂದಿದ್ದರು.
ಟ್ರಂಕು ಸ್ಟೋರಿನಲ್ಲಿದೆ.
ಚೂರನ್ನು ಗಾಜಿಗಂಟಿಸಿ, ಅರಪುಡಿಯ ನೀರಿನಲ್ಲಿ
ಎಂಟರ ಅಂಕಿ ಬರೆದಂತೆ ತಿಕ್ಕಿ ತಿಕ್ಕಿ
ಕೂದಲಿಗಿಂತ ತೆಳ್ಳಗೆ, ಮೂವತ್ತು ಮೈಕ್ರಾನ್,
ಕಲ್ಲಿನೊಳಗೆ ಬೆಳಕು ಹಾಯುವವರೆಗೆ.
ಅಳೆಯಲು ಉಪಕರಣವಿದೆ; ಅವರು ಮುಟ್ಟುವುದಿಲ್ಲ.
ಸೂಕ್ಷ್ಮದರ್ಶಕದಡಿ ಬೆಣಚು ಹಳದಿಯಾಗಿದ್ದರೆ ಇನ್ನೂ ದಪ್ಪ,
ಹಳದಿ ಇಳಿದು ಬೂದು ಬಂತೋ, ಆಯ್ತು.
'ಅಷ್ಟೇ ಕಣಮ್ಮ. ಇನ್ನೊಂದು ಸುತ್ತು ತಿಕ್ಕಿದ್ರೆ ಕಲ್ಲೇ ಇರಲ್ಲ,
ಗಾಜು ತೊಳ್ಕೊಂಡು ಮನೇಗ್ ಹೋಗ್ಬೇಕು.'

ಕುಸುಮ ಹದಿನಾರು ಕಲ್ಲು ಕಳೆದಳು.
ಹದಿನೇಳನೆಯದು ಅವ್ವ
ಚಟ್ನಿಪುಡಿಯ ಡಬ್ಬಿಯಲ್ಲಿಟ್ಟು ಕಳಿಸಿದ ಚೂರು.
ಬೂದು ಬಂದ ಕ್ಷಣ ಅವಳ ಕೈ ತಾನೇ ನಿಂತಿತು.
ಮಸೂರದಡಿ, ದಿನಕ್ಕಿಷ್ಟೆಂದು ಬಾಂಡಲಿಯಲ್ಲಿ ಹೊತ್ತ ಅದೇ ಕಲ್ಲು:
ಬಿಳಿ ಕಪ್ಪು ಪಟ್ಟೆ, ನಡುವೆ ಅಭ್ರಕದ ಎಳೆ,
ತಿರುಗಿಸಿದರೆ ಗುಲಾಬಿ, ತಿರುಗಿಸಿದರೆ ಗಿಳಿಹಸಿರು.
ಫೋಟೊ ಹಿಡಿದು ಕಳಿಸಿದಳು.
ಉತ್ತರ ಅವ್ವನ ದನಿಯಲ್ಲೇ ಬಂತು, ಹಿಂದೆ ಕ್ರಷರಿನ ಸದ್ದು:
'ಇದ್ಯಾವ ಸೀರೆ ಮಗ? ಎಷ್ಟಂತೆ?'

ಏಳನೆಯ ಕಲಂನಲ್ಲಿ ಹೆಚ್ಚು ಹಿಡಿಯುವುದಿಲ್ಲ.
ದತ್ತಾಂಶ ವಿಶ್ಲೇಷಣೆ ಎಂದು ಬರೆದೆ. ದೂರನಿಯಂತ್ರಣ ಎಂದು ಬರೆದೆ.
ಸುಳ್ಳಲ್ಲ. ಕೆಲಸ ಸಿಗುವುದು ಅದಕ್ಕೇ, ಜವರೇಶನಿಗೆ ಸಿಗಲಿ.
ಮಿಕ್ಕ ಜಾಗದಲ್ಲಿ 'ನಿಲ್ಲಿಸುವುದು' ಎಂದು ಒತ್ತಿದೆ.
ಅಡಿಗೆ ಕೆಂಪು ಗೆರೆ: ಈ ಪದ ಪಟ್ಟಿಯಲ್ಲಿಲ್ಲ.

ಕೆಳಗೆ ಪ್ರಯೋಗಾಲಯದಲ್ಲಿ ಇನ್ನೂ ದೀಪ.
ನಲ್ಲಿಯ ನೀರು, ಗಾಜಿನ ಮೇಲೆ ಗರಗರ,
ಗರಗರ,
ಆಮೇಲೆ ಇಲ್ಲ.